ಚಿಲ್ಲರೆ ದುಡ್ಡಿಗೂ ಬಾಗಿಲು ತೆರೆದ ಫಿನ್‌ಟೆಕ್

ಬಡವರಿಗೆ ಬ್ಯಾಂಕ್ ಖಾತೆ ಯಾಕಿರುವುದಿಲ್ಲ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ. ಇಡುವುದಕ್ಕೆ ಅವರ ಹತ್ತಿರ ದುಡ್ಡೇ ಇಲ್ಲವಲ್ಲ! ಇದು ಅರ್ಧ ನಿಜ. ದಿನಗೂಲಿ ಮಾಡುವವರ ಕೈಯಲ್ಲೂ ದುಡ್ಡು ಓಡಾಡುತ್ತಲೇ ಇರುತ್ತದೆ. ಇವತ್ತು ಬರುತ್ತದೆ, ನಾಳೆ ಬರುವುದಿಲ್ಲ. ಒಂದಿಷ್ಟು ಡಬ್ಬಿಗೆ ಬೀಳುತ್ತದೆ, ಒಂದಿಷ್ಟು ಪಕ್ಕದ ಮನೆಗೆ ಕೈಸಾಲವಾಗಿ ಹೋಗುತ್ತದೆ, ಇನ್ನೊಂದಿಷ್ಟು ಹಳೇ ಸಾಲದ ಕಂತಿಗೆ ಜಮೆಯಾಗುತ್ತದೆ. ತಿಂಗಳ ಸಂಬಳದವರಿಗಿಂತ ಇವರ ಲೆಕ್ಕಾಚಾರವೇ ಜಾಸ್ತಿ.

ಉಳಿದರ್ಧ ಕಾರಣ ಬ್ಯಾಂಕಿನ ಕಡೆ ಇದೆ. ಕೌಂಟರ್ ಮುಂದೆ ಇಬ್ಬರು ನಿಂತಿದ್ದಾರೆ ಅಂದುಕೊಳ್ಳಿ. ಒಬ್ಬರು ಲಕ್ಷ ಜಮಾ ಮಾಡುತ್ತಾರೆ, ಇನ್ನೊಬ್ಬರು ನೂರು. ಚಲನ್ ನೋಡುವುದು, ನೋಟು ಎಣಿಸುವುದು, ಕಂಪ್ಯೂಟರಿಗೆ ಹಾಕುವುದು, ಸೀಲು ಒತ್ತುವುದು, ಇಬ್ಬರಿಗೂ ಕೆಲಸ ಹೆಚ್ಚುಕಡಿಮೆ ಅಷ್ಟೇ. ಕಟ್ಟಡದ ಬಾಡಿಗೆ, ಸಿಬ್ಬಂದಿಯ ಸಂಬಳ, ಕಾವಲುಗಾರ, ಎಲ್ಲದರ ಖರ್ಚೂ ಅಷ್ಟೇ. ಲಕ್ಷದಲ್ಲಿ ಆ ಖರ್ಚು ಗಿಟ್ಟುತ್ತದೆ, ನೂರರಲ್ಲಿ ಗಿಟ್ಟುವುದಿಲ್ಲ. ಮಿನಿಮಮ್ ಬ್ಯಾಲೆನ್ಸ್ ಅನ್ನುವ ಷರತ್ತು ಬಂದದ್ದು ಈ ಲೆಕ್ಕದಿಂದಲೇ. ದೂರದ ಹಳ್ಳಿಯಲ್ಲಿ ಶಾಖೆ ತೆರೆಯದೇ ಇರುವುದಕ್ಕೂ ಇದೇ ಕಾರಣ. ಸಣ್ಣ ಸಾಲ ಕೇಳಿದವರನ್ನು ನಾಲ್ಕು ಸಲ ಅಲೆಸುವುದಕ್ಕೂ ಇದೇ ಕಾರಣ.

ಫಿನ್‌ಟೆಕ್ ಎಂದರೆ ಹಣದ ವ್ಯವಹಾರಕ್ಕೆ ತಂತ್ರಜ್ಞಾನ ಬಳಸುವುದು. ಮೊಬೈಲ್ ಹಣ (ಫೋನ್ ನಂಬರಿಗೇ ಜಮೆಯಾಗುವ ದುಡ್ಡು), ಕ್ಯೂಆರ್ ಕೋಡ್, ಆ್ಯಪ್ ಸಾಲ, ಬೆರಳಚ್ಚು ಕೊಟ್ಟು ದುಡ್ಡು ತೆಗೆಯುವುದು, ಎಲ್ಲವೂ ಇದರೊಳಗೆ ಬರುತ್ತವೆ. ಇಷ್ಟು ಬಗೆ ಇದ್ದರೂ, ನನ್ನ ಪ್ರಕಾರ ಅದು ಮಾಡಿದ ದೊಡ್ಡ ಕೆಲಸ ಒಂದೇ. ಚಿಕ್ಕ ಮೊತ್ತವನ್ನು ನಿಭಾಯಿಸುವ ಖರ್ಚನ್ನು ಅದು ಇಳಿಸಿತು. ಅದರಿಂದಾದ ಒಳ್ಳೆಯದೂ ಕೆಟ್ಟದ್ದೂ ಇದೊಂದೇ ಬೇರಿನಿಂದ ಹುಟ್ಟಿವೆ. ಇದನ್ನು ಹಿಡಿದು ಹೋದರೆ ಇಡೀ ವಿಷಯ ಸುಲಭವಾಗಿ ಅರ್ಥವಾಗುತ್ತದೆ.

ಮೊದಲು ಎಷ್ಟು ಜನರ ಮಾತು ಇದು ಅಂತ ನೋಡೋಣ. ವಿಶ್ವಬ್ಯಾಂಕ್ 2011ರಿಂದ ಫೈಂಡೆಕ್ಸ್ ಎಂಬ ಸಮೀಕ್ಷೆ ಮಾಡುತ್ತಿದೆ. ಮೊದಲ ಸಲ ಕೇಳಿದಾಗ ಜಗತ್ತಿನ ವಯಸ್ಕರಲ್ಲಿ ಖಾತೆ ಇದ್ದವರು ಶೇ. 51. ಅಂದರೆ ಹತ್ತಿರ ಹತ್ತಿರ ಅರ್ಧ ಜಗತ್ತು ಹೊರಗೇ ಇತ್ತು. 2017ಕ್ಕೆ ಅದು ಶೇ. 69 ಆಯಿತು, 2021ಕ್ಕೆ ಶೇ. 76. 2025ರಲ್ಲಿ ಬಂದ ವರದಿಯಲ್ಲಿ ಶೇ. 79. ಈ ಲೆಕ್ಕದಲ್ಲಿ ಬ್ಯಾಂಕ್ ಖಾತೆಯ ಜೊತೆ ಮೊಬೈಲ್ ಹಣದ ಖಾತೆಯೂ ಸೇರಿದೆ. ಹದಿನೈದು ವರ್ಷದೊಳಗೆ ಇಷ್ಟು ಬದಲಾದದ್ದು ಬರೀ ಬ್ಯಾಂಕ್ ಶಾಖೆಗಳಿಂದ ಆಗುವ ಕೆಲಸ ಆಗಿರಲಿಲ್ಲ.

ಕೀನ್ಯಾದ ಏಜೆಂಟ್

ಈ ಕಥೆಯನ್ನು ಯಾರು ಹೇಳಿದರೂ ಕೀನ್ಯಾಗೆ ಹೋಗಲೇಬೇಕು. ಅಲ್ಲಿನ ಟೆಲಿಫೋನ್ ಕಂಪನಿ ಸಫಾರಿಕಾಮ್ 2007ರ ಮಾರ್ಚಿನಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ಶುರು ಮಾಡಿತು. ಪೆಸಾ ಅಂದರೆ ಸ್ವಾಹಿಲಿ ಭಾಷೆಯಲ್ಲಿ ಹಣ. ಎಂ ಅಂದರೆ ಮೊಬೈಲ್.

ಅದರ ಮೂಲ ಉದ್ದೇಶವೇ ಬೇರೆ ಇತ್ತು. 2005ರಲ್ಲಿ ಪ್ರಯೋಗ ಶುರುವಾದಾಗ, ಕಿರುಸಾಲ ತೆಗೆದುಕೊಂಡವರು ಕಂತನ್ನು ಫೋನಿನಲ್ಲೇ ಕಟ್ಟಲಿ ಅನ್ನುವುದು ಯೋಚನೆ. ಜನ ಅದನ್ನು ಬೇರೆ ಥರ ಬಳಸಿದರು. ಒಬ್ಬರಿಗೊಬ್ಬರು ದುಡ್ಡು ಕಳಿಸತೊಡಗಿದರು. ಊರಿನಲ್ಲಿದ್ದವರಿಗೆ ಕಳಿಸಿದರು. ಕಂಪನಿಯವರು ಇದನ್ನು ಗಮನಿಸಿ, ಸಾಲದ ಕಂತಿನ ಮಾತು ಬಿಟ್ಟು, 'ಊರಿಗೆ ಹಣ ಕಳಿಸಿ' ಎಂದೇ ಪ್ರಚಾರ ಮಾಡಿದರು. ಬಳಸುವವರೇ ದಾರಿ ತೋರಿಸಿದ್ದು ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ಭಾಗ.

ಅದು ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಗರದಲ್ಲಿ ಕೂಲಿ ಮಾಡುವವರೊಬ್ಬರು ಹಳ್ಳಿಯಲ್ಲಿರುವ ತಾಯಿಗೆ ಹಣ ಕಳಿಸಬೇಕು. ಮೊದಲಾದರೆ ಆ ಕಡೆ ಹೋಗುವ ಬಸ್ಸಿನ ಡ್ರೈವರ್ ಕೈಗೆ ಲಕೋಟೆ ಕೊಡಬೇಕಿತ್ತು. ಇಲ್ಲವೇ ಊರಿಗೆ ಹೊರಟ ಪರಿಚಯದವರನ್ನು ಹುಡುಕಬೇಕಿತ್ತು. ಈಗ ಅವರು ಬೀದಿ ತುದಿಯ ಅಂಗಡಿಗೆ ಹೋಗುತ್ತಾರೆ. ಆ ಅಂಗಡಿಯವರೇ ಏಜೆಂಟ್. ನೋಟನ್ನು ಕೈಗೆ ಕೊಡುತ್ತಾರೆ. ಅಂಗಡಿಯವರು ತಮ್ಮ ಫೋನಿನಿಂದ ಅಷ್ಟೇ ಮೊತ್ತದ ಮೊಬೈಲ್ ಹಣವನ್ನು ಇವರ ಖಾತೆಗೆ ಹಾಕುತ್ತಾರೆ. ಇಬ್ಬರಿಗೂ ಮೆಸೇಜ್ ಬರುತ್ತದೆ. ಇವರು ಫೋನಿನ ಮೆನು ತೆರೆದು ತಾಯಿಯ ನಂಬರ್ ಒತ್ತಿ, ಮೊತ್ತ ಒತ್ತಿ, ಪಿನ್ ಹಾಕುತ್ತಾರೆ. ಅಲ್ಲಿ ತಾಯಿ ತನ್ನೂರಿನ ಏಜೆಂಟ್ ಹತ್ತಿರ ಹೋಗಿ ನೋಟು ತೆಗೆದುಕೊಳ್ಳುತ್ತಾಳೆ. ಸ್ಮಾರ್ಟ್‌ಫೋನ್ ಬೇಡ, ಇಂಟರ್ನೆಟ್ ಬೇಡ. ಆ ಮೆನು ಸಿಮ್ ಕಾರ್ಡಿನೊಳಗೇ ಇತ್ತು. ಗುಂಡಿ ಒತ್ತುವ ಹಳೇ ಫೋನೇ ಸಾಕಿತ್ತು.

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಆ ಏಜೆಂಟ್ ಸಾಲ ಕೊಡುವುದಿಲ್ಲ, ಜನರ ದುಡ್ಡನ್ನು ತನ್ನ ಗಲ್ಲಾದಲ್ಲಿ ಠೇವಣಿಯಾಗಿ ಇಟ್ಟುಕೊಳ್ಳುವುದೂ ಇಲ್ಲ. ತನ್ನದೇ ಮೊಬೈಲ್ ಹಣವನ್ನು ಕೊಟ್ಟು ತನ್ನದೇ ಗಲ್ಲಾಕ್ಕೆ ನೋಟು ತೆಗೆದುಕೊಳ್ಳುತ್ತಾನೆ, ಅಷ್ಟೇ. ಅದಕ್ಕೆ ಸಣ್ಣ ಕಮಿಷನ್ ಸಿಗುತ್ತದೆ. ಅಂಗಡಿ ಮೊದಲೇ ಇತ್ತು, ಬಾಡಿಗೆ ಮೊದಲೇ ಕಟ್ಟುತ್ತಿದ್ದ. ಹಾಗಾಗಿ ನೂರರ ವ್ಯವಹಾರವೂ ಅವನಿಗೆ ಗಿಟ್ಟುತ್ತದೆ. ಎರಡು, ಜನರ ಫೋನಿನಲ್ಲಿ ಎಷ್ಟು ಮೊಬೈಲ್ ಹಣ ಇದೆಯೋ ಅಷ್ಟೇ ನಿಜವಾದ ಹಣ ಬ್ಯಾಂಕುಗಳ ಟ್ರಸ್ಟ್ ಖಾತೆಯಲ್ಲಿ ಇರಬೇಕು. ಕಂಪನಿ ಅದನ್ನು ತನ್ನ ಖರ್ಚಿಗೆ ಮುಟ್ಟುವಂತಿಲ್ಲ. ಕಂಪನಿ ಮುಳುಗಿದರೂ ಜನರ ದುಡ್ಡು ಮುಳುಗಬಾರದು. ಕೀನ್ಯಾದ ಕೇಂದ್ರ ಬ್ಯಾಂಕ್ ಆಗ ಇದನ್ನು ತಡೆಯಬಹುದಿತ್ತು. ಹೊಸದಾಗಿ ಕಾನೂನು ಬರುವವರೆಗೂ ಕಾಯಿರಿ ಅನ್ನಬಹುದಿತ್ತು. ಹಾಗನ್ನದೆ, ಆಕ್ಷೇಪವಿಲ್ಲ ಎಂದು ಪತ್ರ ಕೊಟ್ಟು ಕಣ್ಣಿಟ್ಟು ನೋಡಿತು. ಈ ನಿರ್ಧಾರಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ ಅನ್ನಿಸುತ್ತದೆ.

ಇದರಿಂದ ಬಡತನ ಕಡಿಮೆಯಾಯಿತಾ? ಅರ್ಥಶಾಸ್ತ್ರಜ್ಞರಾದ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ವರ್ಷಗಟ್ಟಲೆ ಒಂದೇ ಕುಟುಂಬಗಳನ್ನು ಹಿಂಬಾಲಿಸಿ ನೋಡಿದರು. ಕಾಯಿಲೆಯೋ ಬೆಳೆ ನಷ್ಟವೋ ಬಂದಾಗ ಎಂ-ಪೆಸಾ ಇಲ್ಲದ ಮನೆಗಳಲ್ಲಿ ಖರ್ಚು ಸುಮಾರು ಶೇ. 7ರಷ್ಟು ಕುಸಿಯಿತು. ಅಂದರೆ ಊಟ, ಔಷಧಿ, ಶಾಲೆ, ಯಾವುದಾದರೂ ಒಂದಕ್ಕೆ ಕತ್ತರಿ ಬಿತ್ತು. ಎಂ-ಪೆಸಾ ಇದ್ದ ಮನೆಗಳಲ್ಲಿ ಆ ಕುಸಿತ ಕಾಣಲಿಲ್ಲ. ಯಾಕೆ? ಹತ್ತು ಕಡೆಯಿಂದ ನೆಂಟರು, ಸ್ನೇಹಿತರು ಸಣ್ಣ ಸಣ್ಣ ಮೊತ್ತ ಕಳಿಸಿದರು. ಮೊದಲು ಆ ಸಣ್ಣ ಮೊತ್ತ ಕಳಿಸುವ ಖರ್ಚೇ ಮೊತ್ತಕ್ಕಿಂತ ಭಾರವಾಗುತ್ತಿತ್ತು. 2016ರಲ್ಲಿ ಅವರು ಕೊಟ್ಟ ಇನ್ನೊಂದು ಅಂದಾಜಿನ ಪ್ರಕಾರ, ಕೀನ್ಯಾದ ಸುಮಾರು 1,94,000 ಕುಟುಂಬಗಳು ಇದರಿಂದ ಕಡುಬಡತನದಿಂದ ಮೇಲೆ ಬಂದವು. ಅದು ಅಲ್ಲಿನ ಕುಟುಂಬಗಳಲ್ಲಿ ಶೇ. 2. ಈ ಅಂದಾಜನ್ನು ಬೇರೆ ಅರ್ಥಶಾಸ್ತ್ರಜ್ಞರು ಗಟ್ಟಿಯಾಗಿಯೇ ಪ್ರಶ್ನಿಸಿದ್ದಾರೆ. ನನಗೆ ಜಾಸ್ತಿ ನಂಬಿಕೆ ಇರುವುದು ಮೊದಲನೆಯ ಮಾತಿನ ಮೇಲೆ. ಕಷ್ಟ ಬಂದಾಗ ಕೈ ಹಿಡಿಯುವವರು ಮೊದಲೂ ಇದ್ದರು, ಆ ಕೈ ತಲುಪುವುದಕ್ಕೆ ಒಂದು ದಾರಿ ಬೇಕಿತ್ತು.

ನೀವು ಯಾರು ಅನ್ನುವ ಪ್ರಶ್ನೆ

ದೂರ ಮತ್ತು ಖರ್ಚಿನ ಗೋಡೆ ದಾಟಿದ ಮೇಲೆ ಇನ್ನೊಂದು ಗೋಡೆ ಬರುತ್ತದೆ. ಗುರುತಿನ ಕಾಗದ. ಖಾತೆ ತೆರೆಯಲು ಹೆಸರು, ವಿಳಾಸ, ಫೋಟೋ, ಸಾಕ್ಷಿ ಬೇಕು. ಕೆಲಸ ಹುಡುಕಿ ಊರೂರು ಅಲೆಯುವವರಿಗೆ ವಿಳಾಸದ ಪುರಾವೆ ಎಲ್ಲಿಂದ ಬರಬೇಕು?

ಭಾರತ ಈ ಗೋಡೆಯನ್ನು ಆಧಾರ್‌ನಿಂದ ಒಡೆಯಲು ನೋಡಿತು. 2010ರಲ್ಲಿ ಮೊದಲ ಸಂಖ್ಯೆ ಕೊಟ್ಟರು. 2014ರ ಆಗಸ್ಟಿನಲ್ಲಿ ಜನಧನ ಯೋಜನೆ ಬಂತು, ಸೊನ್ನೆ ಬ್ಯಾಲೆನ್ಸಿನ ಖಾತೆ. 2023ರ ಹೊತ್ತಿಗೆ ಅಂಥ ಖಾತೆಗಳು 50 ಕೋಟಿ ದಾಟಿದವು, ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳವು. ಇದು ಸಣ್ಣ ಸಾಧನೆ ಅಲ್ಲವೇ ಅಲ್ಲ. ಆದರೆ 2021ರ ಫೈಂಡೆಕ್ಸ್ ಇನ್ನೊಂದು ಮಾತನ್ನೂ ಹೇಳಿತು. ಭಾರತದಲ್ಲಿ ಖಾತೆ ಇದ್ದವರಲ್ಲಿ ಸುಮಾರು ಮೂರನೇ ಒಂದು ಭಾಗ ಇಡೀ ವರ್ಷ ಅದನ್ನು ಮುಟ್ಟಿಯೇ ಇರಲಿಲ್ಲ. ಪಾಸ್‌ಬುಕ್ ಪೆಟ್ಟಿಗೆಯಲ್ಲಿ ಸುಮ್ನೆ ಕೂತಿತ್ತು. ಖಾತೆಗಳ ಸಂಖ್ಯೆಯೊಂದನ್ನೇ ತೋರಿಸಿ ಎಲ್ಲರೂ ಒಳಗೆ ಬಂದರು ಎಂದರೆ ಅದು ಪೂರ್ತಿ ಲೆಕ್ಕವಾಗುವುದಿಲ್ಲ.

ಬೆರಳಚ್ಚಿನ ಕಷ್ಟವೂ ಇದೆ. ಕಲ್ಲು ಒಡೆಯುವವರ, ಸಿಮೆಂಟಿನ ಕೆಲಸ ಮಾಡುವವರ, ವಯಸ್ಸಾದವರ ಬೆರಳಿನ ಗೆರೆಗಳು ಸವೆದಿರುತ್ತವೆ. ಯಂತ್ರ ಗುರುತಿಸುವುದಿಲ್ಲ. ತನ್ನದೇ ದುಡ್ಡು ತೆಗೆಯಲು ಹೆಬ್ಬೆರಳು ಒತ್ತಿ, ಒರೆಸಿ, ಮತ್ತೆ ಒತ್ತಿ, ಕೊನೆಗೆ ನಾಳೆ ಬನ್ನಿ ಅನ್ನಿಸಿಕೊಂಡು ವಾಪಸ್ ಹೋಗುವವರಿಗೆ ಆ ಒಂದು ದಿನದ ಕೂಲಿಯೂ ಹೋಯಿತು. ಅತಿ ಹೆಚ್ಚು ಮೈಮುರಿದು ದುಡಿದವರ ಕೈಯನ್ನೇ ಯಂತ್ರ ಒಪ್ಪದಿದ್ದರೆ, ಬದಲಾಗಬೇಕಾದದ್ದು ಯಂತ್ರವೇ. ಬೆರಳಿನ ಜೊತೆ ಕಣ್ಣು, ಮುಖ, ಒಟಿಪಿ, ಹೀಗೆ ಇನ್ನೊಂದು ದಾರಿ ಯಾವಾಗಲೂ ತೆರೆದಿರಬೇಕು.

2016ರಲ್ಲಿ ಬಂದ ಯುಪಿಐನಿಂದ ಕಲಿಯಬೇಕಾದ ಪಾಠ ಬೇರೆ. ಯಾವ ಬ್ಯಾಂಕಿನವರು ಬೇಕಾದರೂ ಯಾವ ಆ್ಯಪ್‌ನಿಂದ ಬೇಕಾದರೂ ಯಾರಿಗೆ ಬೇಕಾದರೂ ಕಳಿಸಬಹುದು ಅನ್ನುವುದನ್ನು ಅದು ಮೊದಲ ದಿನದಿಂದಲೇ ಇಟ್ಟುಕೊಂಡಿತು. ಬ್ರೆಜಿಲ್‌ನಲ್ಲಿ ಕೇಂದ್ರ ಬ್ಯಾಂಕೇ ಮುಂದೆ ನಿಂತು 2020ರ ನವೆಂಬರಿನಲ್ಲಿ ಯುಪಿಐನಂಥದ್ದೇ ಪಿಕ್ಸ್ ಶುರು ಮಾಡಿತು, ಸಾಮಾನ್ಯ ಜನರಿಗೆ ಪುಕ್ಕಟೆ. ರಸ್ತೆ ಎಲ್ಲರದ್ದು, ಗಾಡಿ ಯಾರದ್ದಾದರೂ ಇರಲಿ ಅನ್ನುವ ಏರ್ಪಾಡು ಇದು. ರಸ್ತೆಯೂ ಗಾಡಿಯೂ ಒಂದೇ ಕಂಪನಿಯದ್ದಾದರೆ ಅವರು ಹೇಳಿದ್ದೇ ದರ, ಅಲ್ವಾ?

ಸುಲಭ ಸಾಲದ ಇನ್ನೊಂದು ಮುಖ

ಹಣ ಕಳಿಸುವುದರಲ್ಲಿ ಒಳ್ಳೆಯದೇ ಹೆಚ್ಚು ಕಂಡೆವು. ಸಾಲದ ವಿಷಯಕ್ಕೆ ಬಂದರೆ ಹಾಗೆ ಹೇಳಲಾಗುವುದಿಲ್ಲ.

ಬ್ಯಾಂಕ್ ಸಾಲ ಕೊಡುವ ಮುಂಚೆ ಅಡವು ಕೇಳುತ್ತದೆ, ಜಾಮೀನು ಕೇಳುತ್ತದೆ, ಸಂಬಳದ ಚೀಟಿ ಕೇಳುತ್ತದೆ. ಇವು ಯಾವುದೂ ಇಲ್ಲದವರು ಸಾಲ ತೀರಿಸುತ್ತಾರೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಫಿನ್‌ಟೆಕ್ ಕಂಪನಿಗಳು ಅದಕ್ಕೆ ಫೋನನ್ನೇ ನೋಡತೊಡಗಿದವು. ಎಷ್ಟು ಸಲ ರೀಚಾರ್ಜ್ ಮಾಡಿದ್ದಾರೆ, ತಿಂಗಳಲ್ಲಿ ಎಷ್ಟು ಹಣ ಬಂತು ಹೋಯಿತು, ಸಿಮ್ ಎಷ್ಟು ವರ್ಷದಿಂದ ಇದೆ, ಇಂಥ ಸುಳಿವುಗಳಿಂದ ಕಂಪ್ಯೂಟರ್ ಒಂದು ಅಂಕ ಕೊಡುತ್ತದೆ. ಅಂಕ ಚೆನ್ನಾಗಿದ್ದರೆ ನಿಮಿಷದಲ್ಲಿ ಸಾಲ. ಬ್ಯಾಂಕಿನ ಕಣ್ಣಿಗೆ ಕಾಣದೇ ಇದ್ದವರು ಹೀಗೆ ಕಾಣಿಸಿಕೊಂಡರು. ಇದು ನಿಜಕ್ಕೂ ದೊಡ್ಡ ಬದಲಾವಣೆ.

ಈಗ ಬೆಲೆ ನೋಡಿ. ಕೀನ್ಯಾದಲ್ಲಿ 2012ರಲ್ಲಿ ಎಂ-ಶ್ವಾರಿ ಎಂಬ ಸಾಲ ಮತ್ತು ಉಳಿತಾಯದ ಸೇವೆ ಬಂತು. ಒಂದು ತಿಂಗಳ ಸಾಲಕ್ಕೆ ಶೇ. 7.5 ಶುಲ್ಕ. ಕೇಳಿದರೆ ಬ್ಯಾಂಕಿನ ವರ್ಷದ ಬಡ್ಡಿಗಿಂತಲೂ ಕಡಿಮೆ ಅನ್ನಿಸಿಬಿಡುತ್ತದೆ. ಆದರೆ ಇದು ಒಂದೇ ತಿಂಗಳದ್ದು. ಹನ್ನೆರಡರಿಂದ ಗುಣಿಸಿ. ವರ್ಷಕ್ಕೆ ಶೇ. 90 ಆಗುತ್ತದೆ. ಶುಲ್ಕ ಎಂದು ಹೆಸರಿಟ್ಟರೆ ಬಡ್ಡಿ ಬಡ್ಡಿಯಾಗದೇ ಉಳಿಯುವುದಿಲ್ಲ. ಒಂದು ಸಲ, ಆಸ್ಪತ್ರೆಯ ತುರ್ತಿಗೆ, ತೆಗೆದುಕೊಂಡು ತೀರಿಸಿದರೆ ಈ ಬೆಲೆ ಕೊಡಬಹುದು. ಕೊಟ್ಟು ಜೀವ ಉಳಿಸಿಕೊಂಡವರೂ ಇರುತ್ತಾರೆ. ಪ್ರತಿ ತಿಂಗಳೂ ಹಳೆಯದನ್ನು ತೀರಿಸಿ ಹೊಸದನ್ನು ಎತ್ತುತ್ತಾ ಹೋದರೆ ದುಡಿದದ್ದೆಲ್ಲ ಅಲ್ಲಿಗೇ ಹೋಗುತ್ತದೆ.

ಸಣ್ಣ ಮೊತ್ತದ ಖರ್ಚು ಇಳಿದಾಗ ಸಣ್ಣ ಸಾಲ ಕೊಡುವುದೂ ಅಗ್ಗವಾಯಿತು. ಕೊಡುವವರು ಮುಗಿಬಿದ್ದರು. ಆ್ಯಪ್‌ಗಳು ಅಣಬೆಯಂತೆ ಎದ್ದವು. ಅವುಗಳಲ್ಲಿ ಕೆಲವು ಸಾಲಗಾರರ ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಮೊದಲೇ ತೆಗೆದಿಟ್ಟುಕೊಳ್ಳುತ್ತಿದ್ದವು. ಕಂತು ತಪ್ಪಿದ ದಿನ ಅಣ್ಣನಿಗೆ, ಅತ್ತೆಗೆ, ಕೆಲಸ ಕೊಟ್ಟವರಿಗೆ ಕರೆ ಹೋಗುತ್ತಿತ್ತು. ಅಡವಿಡಲು ಏನೂ ಇಲ್ಲದವರ ಮರ್ಯಾದೆಯನ್ನೇ ಅಡವಿಟ್ಟುಕೊಂಡ ಹಾಗೆ. ಭಾರತದಲ್ಲೂ ಕೀನ್ಯಾದಲ್ಲೂ ಈ ಹಾವಳಿ ಒಂದೇ ರೀತಿ ನಡೆಯಿತು. ಇದನ್ನು ಒಳ್ಳೆಯ ತಂತ್ರಜ್ಞಾನದ ಸಣ್ಣ ಅಡ್ಡಪರಿಣಾಮ ಎಂದು ತೇಲಿಸಿ ಹೇಳುವವರನ್ನು ನಾನು ಒಪ್ಪುವುದಿಲ್ಲ.

ನಿಯಮಗಳು ತಡವಾಗಿಯಾದರೂ ಬಂದವು. ಸಾವಿರ ಶಿಲ್ಲಿಂಗ್‌ಗಿಂತ ಕಡಿಮೆ ಬಾಕಿಗೆ ಯಾರನ್ನೂ ಸುಸ್ತಿದಾರರ ಪಟ್ಟಿಗೆ ಸೇರಿಸಬೇಡಿ ಎಂದು ಕೀನ್ಯಾದ ಕೇಂದ್ರ ಬ್ಯಾಂಕ್ 2020ರಲ್ಲಿ ಹೇಳಿತು. 2022ರಿಂದ ಅಲ್ಲಿ ಇಂಥ ಕಂಪನಿಗಳಿಗೆ ಲೈಸೆನ್ಸ್ ಕಡ್ಡಾಯವಾಯಿತು. ಅದೇ ವರ್ಷ ಭಾರತದ ರಿಸರ್ವ್ ಬ್ಯಾಂಕ್ ಕೂಡ ನಿಯಮ ತಂದಿತು. ಸಾಲದ ಹಣ ಮಧ್ಯದಲ್ಲಿ ಎಲ್ಲೂ ನಿಲ್ಲದೆ ನೇರವಾಗಿ ಸಾಲಗಾರರ ಖಾತೆಗೆ ಬರಬೇಕು. ಎಲ್ಲ ಶುಲ್ಕ ಸೇರಿಸಿ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು ಮೊದಲೇ ತಿಳಿಸಬೇಕು. ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ, ಫೋಟೋಗಳಿಗೆ ಆ್ಯಪ್ ಕೈ ಹಾಕಬಾರದು. ಸಾಲ ಬೇಡವೆನಿಸಿದರೆ ದಂಡವಿಲ್ಲದೆ ವಾಪಸ್ ಮಾಡಲು ಒಂದಷ್ಟು ಸಮಯ ಕೊಡಬೇಕು. ನೀವು ಆ್ಯಪ್ ಸಾಲ ತೆಗೆದುಕೊಳ್ಳುವುದಾದರೆ ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ. ಕಾಂಟ್ಯಾಕ್ಟ್ ಪಟ್ಟಿಗೆ ಅನುಮತಿ ಕೇಳಿದ ಕೂಡಲೇ ಆ ಆ್ಯಪ್ ತೆಗೆದುಹಾಕುವುದು ಒಳ್ಳೆಯದು.

ಯಾರ ಕೈಯಲ್ಲಿ ಫೋನ್

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ನೋಟು ಎಲ್ಲರಿಗೂ ಕಾಣುತ್ತದೆ. ಮನೆಗೆ ದುಡ್ಡು ಬಂದದ್ದು ಕಂಡರೆ ಕೇಳುವವರು ಹತ್ತು ಜನ. ಫೋನಿನಲ್ಲಿ ಪಿನ್ ಹಿಂದೆ ಇರುವ ಹಣ ಹಾಗೆ ಕಾಣುವುದಿಲ್ಲ. ಬರಗಾಲದ ನಂತರ ಆಫ್ರಿಕಾದ ನೈಜರ್ ದೇಶದಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಹಳ್ಳಿಗಳ ಹೆಂಗಸರಿಗೆ ನೆರವಿನ ಹಣವನ್ನು ಕೈಗೆ ಕೊಟ್ಟರು, ಕೆಲವರಿಗೆ ಅಷ್ಟೇ ಹಣವನ್ನು ಮೊಬೈಲಿಗೆ ಹಾಕಿದರು. ಮೊಬೈಲಿಗೆ ಹಣ ಬಂದ ಮನೆಗಳಲ್ಲಿ ಊಟದ ಬಗೆಗಳು ಹೆಚ್ಚಿದವು, ಮಕ್ಕಳು ಹೆಚ್ಚು ಸಲ ಉಂಡರು. ಹಣ ತರಲು ನಡೆದು ಕಾಯುವ ಹೊತ್ತು ಉಳಿದದ್ದು ಒಂದು ಕಾರಣ. ಯಾವಾಗ, ಎಲ್ಲಿ, ಯಾವುದಕ್ಕೆ ಖರ್ಚು ಮಾಡಬೇಕು ಅನ್ನುವ ತೀರ್ಮಾನದಲ್ಲಿ ಆಕೆಯ ಮಾತು ಗಟ್ಟಿಯಾದದ್ದು ಇನ್ನೊಂದು.

ಮಧ್ಯಪ್ರದೇಶದ ಇನ್ನೊಂದು ಅಧ್ಯಯನ ಉದ್ಯೋಗ ಖಾತ್ರಿ ಕೂಲಿಯ ಬಗ್ಗೆ. ಬರೀ ಖಾತೆ ತೆರೆದುಕೊಟ್ಟ ಹೆಂಗಸರಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ಖಾತೆ ಹೇಗೆ ಬಳಸಬೇಕೆಂದು ಕಲಿಸಿ, ಕೂಲಿಯನ್ನೂ ಗಂಡನ ಖಾತೆಯ ಬದಲು ನೇರವಾಗಿ ಅವರದ್ದೇ ಖಾತೆಗೆ ಹಾಕಿದಾಗ ಅವರು ಹೊರಗೆ ದುಡಿಯಲು ಹೋಗುವುದು ಹೆಚ್ಚಿತು. ಖಾತೆಯೂ ಒಂದೇ, ಬ್ಯಾಂಕೂ ಒಂದೇ. ಕಲಿಸುವುದಕ್ಕೆ ಕೊಟ್ಟ ಹೊತ್ತು ಮತ್ತು ದುಡ್ಡು ಬಂದು ಬೀಳುವ ಜಾಗ, ಈ ಎರಡೇ ವ್ಯತ್ಯಾಸ.

ಇಷ್ಟಕ್ಕೂ ಫೋನ್ ಆಕೆಯದ್ದೇ ಆಗಿರಬೇಕಲ್ಲ. ಮನೆಯಲ್ಲಿ ಒಂದೇ ಫೋನಿದ್ದು ಅದು ಗಂಡನ ಜೇಬಿನಲ್ಲಿದ್ದರೆ, ಪಿನ್ ಮಗನಿಗೆ ಗೊತ್ತಿದ್ದರೆ, ಆ ಖಾತೆಗೆ ಆಕೆಯ ಹೆಸರು ಮಾತ್ರ ಇದೆ. ಓದು ಬಾರದವರು ಪಿನ್ನನ್ನು ಅಂಗಡಿಯವರಿಗೇ ಹೇಳಿ ನೀವೇ ಒತ್ತಿ ಅನ್ನುವುದೂ ಉಂಟು. ಪರದೆಯ ಮೇಲೆ ಅಕ್ಷರ ಕಡಿಮೆ ಇದ್ದು ಧ್ವನಿ ಜಾಸ್ತಿ ಇದ್ದರೆ, ಅದೂ ಅವರ ಮನೆಮಾತಿನಲ್ಲೇ ಇದ್ದರೆ, ಈ ಕಷ್ಟದಲ್ಲಿ ಅರ್ಧ ಕಳೆಯುತ್ತದೆ. ಬಟನ್ ಫೋನಿನಿಂದ ಕರೆ ಮಾಡಿಯೇ ಹಣ ಕಳಿಸುವ ಏರ್ಪಾಡು ಭಾರತದಲ್ಲಿ 2022ರಲ್ಲಿ ಬಂದಿದೆ. ಅದಕ್ಕೆ ಇನ್ನೂ ಹೆಚ್ಚು ಗಮನ ಸಿಗಬೇಕು.

ಪಶ್ಚಿಮ ಆಫ್ರಿಕಾದ ಟೋಗೋ ಕೊರೊನಾ ಸಮಯದಲ್ಲಿ ಮಾಡಿದ್ದನ್ನು ಇಲ್ಲಿ ಹೇಳದೇ ಇರಲಾರೆ. 2020ರ ಏಪ್ರಿಲಿನಲ್ಲಿ ನೊವಿಸ್ಸಿ ಎಂಬ ನೆರವು ಶುರುವಾಯಿತು. ಮತದಾರರ ಗುರುತಿನ ಚೀಟಿಯ ನಂಬರನ್ನು ಸಾದಾ ಫೋನಿನಿಂದ ಕಳಿಸಿದರೆ ಸಾಕು, ಹಣ ಮೊಬೈಲಿಗೆ ಬರುತ್ತಿತ್ತು. ಹೆಂಗಸರಿಗೆ ಗಂಡಸರಿಗಿಂತ ಸ್ವಲ್ಪ ಜಾಸ್ತಿ ಕೊಟ್ಟರು. ಮುಂದೆ ಹಳ್ಳಿಗಳಲ್ಲಿ ಅತಿ ಬಡವರು ಯಾರು ಎಂದು ತಿಳಿಯಲು ಉಪಗ್ರಹದ ಚಿತ್ರ ಮತ್ತು ಫೋನ್ ಬಳಕೆಯ ವಿವರ ನೋಡಿ ಕಂಪ್ಯೂಟರಿನಿಂದ ಅಂದಾಜು ಮಾಡಿಸಿದರು. ಮನೆಮನೆಗೆ ಹೋಗಲಾಗದ ಹೊತ್ತಿನಲ್ಲಿ ಇದು ಎಷ್ಟೋ ಒಲೆ ಉರಿಸಿತು. ಫೋನೇ ಇಲ್ಲದವರು ಮಾತ್ರ ಆ ಲೆಕ್ಕದಲ್ಲಿ ಕಾಣಲಿಲ್ಲ. ಎಲ್ಲರಿಗಿಂತ ಬಡವರು ಅವರೇ ಇದ್ದಿರಬಹುದು.

ಅಗ್ಗವಾಗಿ ಉಳಿಯಬೇಕು

ಖರ್ಚು ಇಳಿದದ್ದರಿಂದ ಜನ ಬಂದರು. ಮತ್ತೆ ಏರಿದರೆ ಹೋಗುತ್ತಾರೆ. ಘಾನಾ ಸರ್ಕಾರ 2022ರ ಮೇ ತಿಂಗಳಲ್ಲಿ ಮೊಬೈಲ್ ಹಣದ ಮೇಲೆ ಶೇ. 1.5 ತೆರಿಗೆ ಹಾಕಿತು. ಜನ ಮತ್ತೆ ನೋಟಿನ ಕಡೆ ವಾಲಿದರು. ಮುಂದಿನ ವರ್ಷ ಶೇ. 1ಕ್ಕೆ ಇಳಿಸಿದರು, 2025ರಲ್ಲಿ ಪೂರ್ತಿ ತೆಗೆದರು. ಉಗಾಂಡ ಕೂಡ 2018ರಲ್ಲಿ ಇಂಥದ್ದೇ ತೆರಿಗೆ ಹಾಕಿ, ತಿಂಗಳುಗಳಲ್ಲೇ ಇಳಿಸಬೇಕಾಯಿತು. ದಿನಕ್ಕೆ ನಾಲ್ಕು ಸಲ ಸಣ್ಣ ಮೊತ್ತ ಕಳಿಸುವವರಿಗೆ ಒಂದೂವರೆ ಪರ್ಸೆಂಟ್ ಸಣ್ಣದಲ್ಲ.

ಮೋಸವೂ ಒಂದು ಖರ್ಚೇ. ಅಪರಿಚಿತ ಕರೆ, ಸುಳ್ಳು ಲಿಂಕ್, ತಪ್ಪಾಗಿ ನಿಮಗೆ ಹಣ ಬಂದಿದೆ ವಾಪಸ್ ಕಳಿಸಿ ಅನ್ನುವ ಮಾತು. ಇರುವವರು ಕಳೆದುಕೊಂಡರೆ ಬೇಜಾರು. ಇಲ್ಲದವರು ಒಂದು ಸಲ ಕಳೆದುಕೊಂಡರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ದೂರು ಕೊಡಲು ಒಂದು ನಂಬರ್, ಆ ಕಡೆ ಮಾತನಾಡುವ ಒಬ್ಬ ಮನುಷ್ಯ, ಇಷ್ಟಾದರೂ ಇರಲೇಬೇಕು.

ಇನ್ನೂ ಖಾತೆ ಇಲ್ಲದ ವಯಸ್ಕರು ಜಗತ್ತಿನಲ್ಲಿ ಸುಮಾರು 130 ಕೋಟಿ. ಅವರಲ್ಲಿ ಸುಮಾರು 90 ಕೋಟಿ ಜನರ ಹತ್ತಿರ ಫೋನ್ ಇದೆ. ಹಾಗಾದರೆ ಏನು ಅಡ್ಡ ಬಂದಿದೆ? ಆ ಏಜೆಂಟ್ ಹತ್ತಿರ ಮತ್ತೆ ಹೋಗೋಣ. ಹಳ್ಳಿಯಲ್ಲಿ ಹಣ ಹಾಕುವವರಿಗಿಂತ ತೆಗೆಯುವವರೇ ಜಾಸ್ತಿ, ಯಾಕೆಂದರೆ ದುಡ್ಡು ನಗರದಿಂದ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವನ ಗಲ್ಲಾ ಖಾಲಿ, ಫೋನ್ ತುಂಬ ಮೊಬೈಲ್ ಹಣ. ಅದನ್ನು ನೋಟು ಮಾಡಿ ತರಲು ಅಂಗಡಿ ಮುಚ್ಚಿ ಪೇಟೆಗೆ ಹೋಗಬೇಕು. ಹೋಗುವಾಗ ದಾರಿಯ ಖರ್ಚು, ಬರುವಾಗ ಕಳ್ಳರ ಭಯ. ಕಮಿಷನ್ ಅಷ್ಟಕ್ಕೆ ಸಾಲದಿದ್ದರೆ ಅವನು ವಾರಕ್ಕೊಮ್ಮೆ ಮಾತ್ರ ಹೋಗುತ್ತಾನೆ. ಅವನು ಬರುವವರೆಗೂ ಆ ತಾಯಿ ಫೋನ್ ಕೈಯಲ್ಲಿ ಹಿಡಿದು ಅಂಗಡಿ ಕಟ್ಟೆಯ ಮೇಲೆ ಕೂತಿರುತ್ತಾಳೆ. ಮಗ ಕಳಿಸಿದ ಹಣ ಬಂದಿದೆ ಎಂದು ಮೆಸೇಜ್ ಹೇಳುತ್ತಿದೆ.